ಶಟಲ್ ಆಡೋಕೆ ಇನ್ನಿಬ್ಬರು ಬೇಕು

ಬಳ್ಳಾರಿಗೆ ವರ್ಗವಾಗಿ ಬಂದ ಹದಿನೈದು ದಿನದೊಳಗೆ ಮನೆ ಸಿಕ್ಕಿತು, ಗ್ಯಾಸ್ ಸಿಕ್ಕಿತು, ಮಗನಿಗೆ ಸ್ಕೂಲ್ ಸಿಕ್ಕಿತು, ಬೆಳಿಗ್ಗೆ ಬಾಗಿಲಿಗೆ ಬಂದು ಹಾಲು ಹಾಕುವವರೂ ಸಿಕ್ಕರು. ಶಟಲ್ ಆಡೋಕೆ ಮೂರು ಜನ ಸಿಗುವಷ್ಟರಲ್ಲಿ ಮಾತ್ರ ಐದೂವರೆ ತಿಂಗಳು ಕಳೆದಿತ್ತು. ಮೂರೇ ಜನ. ನಾನು ಸೇರಿದರೆ ನಾಲ್ಕು, ಡಬಲ್ಸ್ ಶುರು ಮಾಡಬಹುದು.

ನಾನೇನು ದೊಡ್ಡ ಆಟಗಾರ್ತಿ ಅಲ್ಲ. ದಾವಣಗೆರೆಯಲ್ಲಿ ಕಾಲೇಜಿನಲ್ಲಿದ್ದಾಗ ಯೂನಿವರ್ಸಿಟಿ ಸೆಲೆಕ್ಷನ್‌ಗೆ ಹೋಗಿ ಮೊದಲ ರೌಂಡಿನಲ್ಲೇ ವಾಪಸ್ ಬಂದವಳು. ಆದರೆ ಅಲ್ಲಿಂದ ಇಲ್ಲಿವರೆಗೆ ಆಟ ಬಿಟ್ಟಿಲ್ಲ. ಬಸುರಿ, ಬಾಣಂತನದ ಒಂದೂವರೆ ವರ್ಷ ಬಿಟ್ಟರೆ ಬೆಳಿಗ್ಗೆ ಐದೂಕಾಲಿಗೆ ಅಲಾರಂ ಇಲ್ಲದೆ ಎಚ್ಚರ ಆಗುತ್ತೆ, ಎಚ್ಚರ ಆದ ಮೇಲೆ ಕೈ ಸುಮ್ನೆ ಇರಲ್ಲ.

ಬಂದಿದ್ದು ಜೂನ್‌ನಲ್ಲಿ. ಮೊದಲು ಮಾಡಿದ ಕೆಲಸ ನಮ್ಮ ಓಣಿಯಲ್ಲೇ ಜನ ಸೇರಿಸೋದು. ಪಾರ್ವತಿನಗರದ ನಮ್ಮ ಸಾಲಿನ ಕೊನೆಗೆ ಒಂದು ಖಾಲಿ ಸೈಟ್ ಇದೆ. ಮಾಲೀಕರನ್ನು ಕೇಳಿ, ಪಕ್ಕದ ಮನೆಯ ಇಬ್ಬರು ಡಿಗ್ರಿ ಹುಡುಗರನ್ನು ಹಿಡಿದುಕೊಂಡು 44 ಅಡಿ ಉದ್ದ, 20 ಅಡಿ ಅಗಲ ಅಳೆದು ಸುಣ್ಣದ ಗೆರೆ ಎಳೆದೆವು. ನೆಟ್ಟನ್ನೂ ಕಟ್ಟಿದೆವು. ಎರಡು ದಿನ ಚೆನ್ನಾಗಿ ನಡೆಯಿತು, ಮೂರನೇ ದಿನ ಆಷಾಢದ ಗಾಳಿ ಶುರುವಾಯಿತು ನೋಡಿ. ಐದು ಗ್ರಾಂ ತೂಕದ ಶಟಲ್ಲು, ಬಳ್ಳಾರಿ ಗಾಳಿ! ನಾನು ಈ ಕಡೆಯಿಂದ ಎತ್ತರಕ್ಕೆ ಟಾಸ್ ಹೊಡೆದರೆ ಅದು ನೆಟ್ ದಾಟಿ, ಅಲ್ಲೇ ಒಂದು ಕ್ಷಣ ಯೋಚನೆ ಮಾಡಿ, ತಿರುಗಿ ನನ್ನ ಕಡೆಗೇ ಬರುತ್ತಿತ್ತು. ಹುಡುಗರಿಗೆ ನಕ್ಕು ನಕ್ಕು ಸಾಕಾಯಿತು, ಒಂದು ವಾರದಲ್ಲಿ ಇಬ್ಬರೂ ಕ್ರಿಕೆಟ್ಟಿಗೆ ಹೋದರು. ಸುಣ್ಣದ ಗೆರೆ ಮೊದಲ ಮಳೆಯವರೆಗೂ ಹಾಗೇ ಇತ್ತು, ಅದರ ಮೇಲೆ ಓಣಿಯ ಎಮ್ಮೆಗಳು ಮಲಗುತ್ತಿದ್ದವು.

ಆಮೇಲೆ ಫೋನಿನಲ್ಲಿ ಹುಡುಕಿದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಆ್ಯಪ್ ತೆಗೆದು ಒತ್ತಿದರೆ ಅರ್ಧ ಗಂಟೆಯಲ್ಲಿ ಆಟಕ್ಕೆ ಜನ ಸಿಗುತ್ತಾರಂತೆ. ಅದೇ ಆ್ಯಪಿನಲ್ಲಿ ನನಗೆ ಹತ್ತಿರದ ಆಟಗಾರರು ಅಂತ ತೋರಿಸಿದ್ದು ಎಲ್ಲರೂ ಬೆಂಗಳೂರಿನವರೇ. ಮುನ್ನೂರು ಕಿಲೋಮೀಟರ್ ಹತ್ತಿರ! ಮುಚ್ಚಿಟ್ಟೆ.

ದುಡ್ಡು ಕೊಟ್ಟು ಆಡುವ ಶೆಡ್ ಕೋರ್ಟುಗಳು ಇಲ್ಲಿಯೂ ಇವೆ. ಒಂದಕ್ಕೆ ಹೋದೆ. ಹೆಸರು ಬೇಡ. ಕೌಂಟರಿನಲ್ಲಿದ್ದ ಹುಡುಗ, 'ಮೇಡಂ, ನಾಲ್ಕು ಜನ ಕರ್ಕೊಂಡು ಬರ‍್ರಿ, ಕೋರ್ಟ್ ಕೊಡ್ತೀವಿ' ಅಂದ. ನಾಲ್ಕು ಜನ ಇದ್ದಿದ್ದರೆ ನಾನು ಇಲ್ಲಿಗೆ ಯಾಕಪ್ಪಾ ಬರುತ್ತಿದ್ದೆ? ಒಬ್ಬಳನ್ನೇ ಯಾವುದಾದರೂ ಬ್ಯಾಚಿಗೆ ಸೇರಿಸು ಅಂದರೆ, 'ಲೇಡೀಸ್ ಬ್ಯಾಚ್ ಇಲ್ಲ ಮೇಡಂ' ಅಂದ. ಜೆಂಟ್ಸ್ ಬ್ಯಾಚಿಗೇ ಸೇರಿಸು ಅಂದೆ. ಅವನು ನನ್ನ ಮುಖ ನೋಡಿದ, ನನ್ನ ಹಿಂದೆ ಯಾರಾದರೂ ಬಂದಿದ್ದಾರಾ ಅಂತ ಬಾಗಿಲು ನೋಡಿದ, ಕೊನೆಗೆ ರಿಜಿಸ್ಟರಿನಲ್ಲಿ ನನ್ನ ನಂಬರ್ ಬರೆದುಕೊಂಡ. ಆ ನಂಬರಿಗೆ ಇವತ್ತಿನವರೆಗೂ ಫೋನ್ ಬಂದಿಲ್ಲ.

ಇನ್ನೊಂದು ಕಡೆ ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೋಗಿ ಬೆಂಚಿನ ಮೇಲೆ ಕೂತೆ. ಹನ್ನೊಂದು ದಿನ. ಹತ್ತನೇ ದಿನ ಯಾರೋ ಒಬ್ಬರು ಕಾಫಿ ಕೊಟ್ಟರು, ಅಷ್ಟೇ. ಆಗ ತುಂಬಾ ಸಿಟ್ಟು ಬಂದಿತ್ತು, ಏನು ಜನ ಇವರು ಅಂತ. ಅವರದ್ದೂ ಒಂದು ಲೆಕ್ಕ ಇತ್ತು ಅನ್ನೋದು ಆಮೇಲೆ ಗೊತ್ತಾಯಿತು.

ದಾರಿ ಸಿಕ್ಕಿದ್ದು ಬ್ಯಾಟಿಗೆ ಗಟ್ (ಬಲೆಯ ದಾರ) ಹಾಕಿಸೋಕೆ ಹೋದಾಗ. ಅಕ್ಟೋಬರ್‌ನಲ್ಲಿ ಒಂದು ದಿನ ಸ್ಕೂಟಿ ಡಿಕ್ಕಿಯಿಂದ ಬ್ಯಾಟ್ ತೆಗೆದರೆ ಗಟ್ ತಾನಾಗೇ ಕಟ್ ಆಗಿತ್ತು. ಹಿಡಿ ಹೊರಗೆ ಚಾಚಿಕೊಂಡು, ತಲೆ ಡಿಕ್ಕಿಯೊಳಗೆ ಸಿಕ್ಕಿಸಿ ಎರಡು ತಿಂಗಳು ಅದನ್ನು ಹಾಗೇ ಹೊತ್ತು ತಿರುಗಿದ್ದೆ. ಕೌಲ್ ಬಜಾರ್ ಕಡೆ ಒಬ್ಬರು ಗಟ್ಟಿಂಗ್ ಮಾಡುತ್ತಾರೆ ಅಂತ ಆಫೀಸಿನ ಅಟೆಂಡರ್ ಹೇಳಿದ. ಸಣ್ಣ ಅಂಗಡಿ. ಮುಂದೆ ಕ್ರಿಕೆಟ್ ಬ್ಯಾಟು, ಕೇರಂ ಪೌಡರ್, ಸ್ಕೂಲಿನ ಕಪ್ಪುಗಳು. ಹಿಂದೆ ಒಂದು ಗಟ್ಟಿಂಗ್ ಮೆಷಿನ್. ಎಲ್ಲರೂ ಅವರನ್ನು ಭಾಯ್ ಅಂತಾರೆ, ನಾನೂ ಭಾಯ್ ಅಂದೆ.

'ಎಷ್ಟು ಪೌಂಡ್ ಹಾಕ್ಲಿ ಮೇಡಂ?' ಗಟ್ ಎಷ್ಟು ಬಿಗಿ ಇರಬೇಕು ಅಂತ.

'ಇಪ್ಪತ್ನಾಲ್ಕು.'

ಭಾಯ್ ತಲೆ ಎತ್ತಿ ನೋಡಿದರು. 'ಎಲ್ಲಿ ಆಡ್ತೀರಿ?'

'ಎಲ್ಲೂ ಇಲ್ಲ.'

'ಎಲ್ಲೂ ಆಡ್ದೇ ಗಟ್ ಹೆಂಗ್ ಕಟ್ ಆತು? ಗಾಡಿ ಡಿಕ್ಕಿಯಾಗ ಇಟ್ಟಿದ್ರೇನು? ಬಿಸಿಲಿಗೆ ಎಳೀತದ, ತಣ್ಣಗಾದ್ರೆ ಬಿಗೀತದ, ಒಂದಿನ ತಾನೇ ಹರೀತದ.'

ಆಮೇಲೆ ಅವರು ಮಾಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಟನ್ನು ಬೆಳಕಿಗೆ ಹಿಡಿದು ಫ್ರೇಮಿನ ತುದಿ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಬಣ್ಣ ಉಜ್ಜಿ ಹೋಗಿತ್ತು. ಗ್ರಿಪ್ ನೋಡಿದರು, ಹೆಬ್ಬೆರಳು ಕೂರೋ ಜಾಗದಲ್ಲಿ ಸವೆದು ಹಳ್ಳ ಬಿದ್ದಿತ್ತು. 'ಡಬಲ್ಸ್ ಆಡ್ದ ಬ್ಯಾಟು. ಬ್ಯಾಕ್‌ಹ್ಯಾಂಡ್ ಸರ್ವಿಸ್ ಮಾಡ್ತೀರಿ ಅಲ್ವಾ?' ಅಂದರು. ನಾನು ಹೂಂ ಅಂದೆ. ಜಾತಕ ನೋಡುವವರು ಕೈ ಹಿಡಿದುಕೊಂಡು ಹೇಳುತ್ತಾರಲ್ಲ, ಹಾಗೆ.

ಅವತ್ತೇ ಗೊತ್ತಾಗಿದ್ದು ನೋಡಿ. ಊರಲ್ಲಿ ಯಾರು ಎಲ್ಲಿ ಎಷ್ಟು ಚೆನ್ನಾಗಿ ಆಡುತ್ತಾರೆ ಅನ್ನೋದು ಕೋರ್ಟಿನ ಕೌಂಟರಿಗಿಂತ ಗಟ್ಟಿಂಗ್ ಅಂಗಡಿಗೆ ಜಾಸ್ತಿ ಗೊತ್ತಿರುತ್ತೆ. ಯಾರು ವಾರಕ್ಕೊಂದು ಗಟ್ ಹರಿಯುತ್ತಾರೆ, ಯಾರು ವರ್ಷಕ್ಕೊಂದು, ಯಾರು 20 ಪೌಂಡ್ ಸಾಕು ಅಂತಾರೆ, ಯಾರು ಟಿವಿ ನೋಡಿ ಬಂದು 30 ಹಾಕು ಅಂತಾರೆ, ಎಲ್ಲ ಅಲ್ಲಿದೆ. ಮದುವೆ ಮಾಡಿಸುವ ಶಾಸ್ತ್ರಿಗಳ ಹತ್ತಿರ ಎಲ್ಲ ಮನೆ ಸುದ್ದಿ ಇರುತ್ತಲ್ಲ. ಹೊಸ ಊರಿಗೆ ಹೋದವರು ಮೊದಲು ಅಲ್ಲಿಗೆ ಹೋಗಿ. ನಾನು ನಾಲ್ಕು ತಿಂಗಳು ಸುಮ್ನೆ ಸುತ್ತಿದೆ.

ಭಾಯ್ ಒಂದು ನಂಬರ್ ಕೊಟ್ಟರು. ರಿಟೈರ್ ಆದ ಮೇಷ್ಟ್ರು, ಒಂದು ಹಳೇ ಕಲ್ಯಾಣ ಮಂಟಪದಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಂದ ಏಳೂಕಾಲರವರೆಗೆ ಆಡಿಸುತ್ತಾರೆ. ಫೋನ್ ಮಾಡಿದೆ. ಮೇಷ್ಟ್ರು ಬಹಳ ಮರ್ಯಾದೆಯಿಂದ ಬೇಡ ಅಂದರು. 'ನೋಡಮ್ಮಾ, ಒಂದೇ ಕೋರ್ಟು, ನಾವು ಏಳು ಜನ ಇದೀವಿ. ಎಂಟಾದ್ರೆ ಕೆಡ್ತದ' ಅಂದರು.

ಈ ಲೆಕ್ಕ ಅರ್ಥ ಆಗೋಕೆ ನಾನೇ ಒಳಗೆ ಹೋಗಬೇಕಾಯಿತು. 21 ಪಾಯಿಂಟಿನ ಒಂದು ಡಬಲ್ಸ್ ಗೇಮಿಗೆ ನಮ್ಮಂಥವರಿಗೆ ಹದಿನೈದು ನಿಮಿಷ ಬೇಕು. ಒಂದೂವರೆ ಗಂಟೆಗೆ ಆರು ಗೇಮ್. ನಾಲ್ಕೇ ಜನ ಇದ್ದರೆ ಒಬ್ಬ ಮಲಗಿಬಿಟ್ಟರೂ ಮೂವರ ಬೆಳಗು ಹಾಳು. ಆರು ಜನ ಇದ್ದರೆ ಇಬ್ಬರು ಕೂತು ಬೆವರು ಒರೆಸಿಕೊಳ್ಳುತ್ತಾರೆ, ಸರಿಯಾಗುತ್ತೆ. ಎಂಟು ಜನ ಬಂದರೆ ಆಡಿದಷ್ಟೇ ಹೊತ್ತು ಕೂರಬೇಕು. ಆಫೀಸಿಗೆ ಹೋಗುವವರು ಎರಡು ದಿನ ನೋಡಿ ಮೂರನೇ ದಿನದಿಂದ ಬರಲ್ಲ, ಹಾಗೆ ಹೀಗೆ ಆಗಿ ಕೊನೆಗೆ ಮೂರು ಜನ ಉಳಿಯುತ್ತಾರೆ. ಮೇಷ್ಟ್ರಿಗೆ ಇದು ಚೆನ್ನಾಗಿ ಗೊತ್ತು, ಯಾಕೆಂದರೆ ಅವರು ಮೊದಲು ಆಡುತ್ತಿದ್ದದ್ದು ಬಾಲ್ ಬ್ಯಾಡ್ಮಿಂಟನ್. ಉಲ್ಲನ್ ಚೆಂಡು, ಒಂದು ಕಡೆಗೆ ಐದು ಜನ, ಎರಡೂ ಕಡೆ ಸೇರಿ ಹತ್ತು. ಅವರ ಓಣಿಯ ಟೀಮು ಹೇಗೆ ಕರಗಿತು ಅಂತ ಅವರೇ ಹೇಳಿದ್ದಾರೆ. ಆಟ ಬೇಜಾರಾಗಿ ಅಲ್ಲ, ಹತ್ತನೆಯವನು ಬರದೇ ಒಂಬತ್ತು ಜನ ಕಾದು ಕಾದು ಮನೆಗೆ ಹೋಗಿ. ಹನ್ನೊಂದು ದಿನ ಬೆಂಚಿನ ಮೇಲೆ ಕೂರಿಸಿದವರ ಮೇಲಿನ ಸಿಟ್ಟು ಇದನ್ನು ಕೇಳಿದ ಮೇಲೆ ಸ್ವಲ್ಪ ಇಳಿಯಿತು. ಪೂರ್ತಿ ಇಳಿದಿಲ್ಲ, ಕಾಫಿ ಮೊದಲ ದಿನವೇ ಕೊಡಬಹುದಿತ್ತು.

ನವೆಂಬರ್ ಮಧ್ಯದಲ್ಲಿ ಮೇಷ್ಟ್ರದ್ದೇ ಫೋನ್ ಬಂತು. ಗುಂಪಿನಲ್ಲಿ ಮೂವರು ಅಯ್ಯಪ್ಪನ ಮಾಲೆ ಹಾಕಿದ್ದರು. 41 ದಿನದ ವ್ರತ, ಬೆಳಿಗ್ಗೆ ತಣ್ಣೀರು ಸ್ನಾನ, ಪೂಜೆ. ಅದೇ ಹೊತ್ತಿಗೆ ನಮ್ಮ ಆಟ. 'ಸ್ವಾಮಿಗಳು ವಾಪಸ್ ಬರೋವರೆಗೆ ಬರ್ತೀಯೇನಮ್ಮಾ?' ಅಂದರು. ಸ್ಟೆಪ್ನಿ ಟೈರ್ ಕೆಲಸ. ಬರ್ತೀನಿ ಸಾರ್ ಅಂದೆ, ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸ್ಮ್ಯಾಶ್ ಹೊಡೆದೆ, ಕೈಯಲ್ಲಿ ಸೌಟು ಇತ್ತು, ಗೋಡೆಗೆ ಸಾರು ಹಾರಿತು.

ಆ ಮಂಟಪದ ಬಗ್ಗೆ ಹೇಳಲೇಬೇಕು. ಶಹಾಬಾದ್ ಕಲ್ಲಿನ ನೆಲ, ಅದರ ಮೇಲೆ ಹಳದಿ ಟೇಪಿನ ಗೆರೆ. ವೇದಿಕೆಯ ಮೇಲೆ ಮದುವೆಯವರು ಬಿಟ್ಟುಹೋದ ಎರಡು ಸಿಂಹಾಸನದ ಕುರ್ಚಿ. ಹೊರಗೆ ಕೂತವರು ಅದರಲ್ಲೇ ಕೂರುತ್ತಾರೆ, ಬೆವರು ಸುರಿಸುತ್ತಾ, ಮದುಮಗನ ಹಾಗೆ. ಮದುವೆ ಮುಗಿದ ಮರುದಿನ ಆಡುವ ಮುಂಚೆ ಎರಡು ಸಲ ಕಸ ಗುಡಿಸಬೇಕು. ಅಕ್ಷತೆ ಕಾಳು ಕಲ್ಲಿನ ಸಂದಿಯಲ್ಲಿ ಇರುತ್ತೆ, ಒಂದು ಕಾಳು ಶೂ ಕೆಳಗೆ ಸಿಕ್ಕರೂ ಕಾಲು ಜಾರಿ ಹೋಗುತ್ತೆ. ನಾನು ಎರಡನೇ ವಾರದಲ್ಲೇ ಒಂದು ಸಲ ನೆಟ್ ಕೆಳಗಿಂದ ಆ ಕಡೆ ಹೋಗಿ ನಿಂತಿದ್ದೆ. 'ಆಶೀರ್ವಾದ ಆತು ಬಿಡ್ರಿ ಮೇಡಂ' ಅಂತ ಒಬ್ಬರು ಕೈ ಕೊಟ್ಟು ಎಬ್ಬಿಸಿದರು.

ಮಂಟಪದಲ್ಲಿ ಆಡೋದು ಕಡಿಮೆ ಅಂತ ಯಾರಾದರೂ ಮೂಗು ಮುರಿದರೆ ಮೇಷ್ಟ್ರು ಬಿಡಲ್ಲ. ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ, ಅದೂ ಮದುವೆ ನಡೆಯುವ ಹಾಲೇ, ಅಲ್ಲಿಂದ ಹೋಗಿ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದು ಬಂದರು ಅಂತ ಶುರು ಮಾಡುತ್ತಾರೆ. ಫೈನಲ್‌ನಲ್ಲಿ ಸೋತದ್ದು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅಂತ ಮುಗಿಸುವಷ್ಟರಲ್ಲಿ ಒಂದು ಗೇಮಿನ ಹೊತ್ತು ಹೋಗಿರುತ್ತೆ.

ಮಂಟಪ ಅಂದ ಮೇಲೆ ನಮ್ಮ ಟೈಮ್‌ಟೇಬಲ್ ಇರೋದು ಪಂಚಾಂಗದಲ್ಲಿ. ಮುಹೂರ್ತ ಇದ್ದರೆ ಆಟ ಇಲ್ಲ. ಮುಹೂರ್ತದ ಹಿಂದಿನ ದಿನವೂ ಇಲ್ಲ, ಚಪ್ಪರ ಅಡುಗೆ ಅಂತ ಬಂದುಬಿಡುತ್ತಾರೆ. ಊರಿಗೆಲ್ಲ ಆಷಾಢ, ಧನುರ್ಮಾಸ ಶುಭಕಾರ್ಯಕ್ಕೆ ಆಗಲ್ಲ, ನಮಗೆ ಅವೇ ಹಬ್ಬದ ಕಾಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಒಂದು ದಿನ ತಪ್ಪದೆ ಆಡಿದ್ದೇವೆ.

ಇನ್ನು ಬೇಸಿಗೆ. ಫ್ಯಾನ್ ಹಾಕಿದರೆ ಶಟಲ್ ಅಲ್ಲಾಡುತ್ತೆ, ಅದಕ್ಕೆ ಹಾಕಲ್ಲ. ಮಂಟಪದಲ್ಲಿ ಹದಿನಾಲ್ಕು ಫ್ಯಾನ್ ಇವೆ, ಹದಿನಾಲ್ಕೂ ಆಫ್. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ತಾವಾಗಿ ಫ್ಯಾನ್ ಆರಿಸಿ ಓಡಾಡುವ ಜನ ನಾವೇ ಇರಬೇಕು. ಕಾವಲುಗಾರ ತಾತ ಮೊದಲು ಕರೆಂಟ್ ಉಳಿಯಿತು ಅಂತ ಖುಷಿಪಟ್ಟರು, ಈಗ ನಮ್ಮ ಕಡೆ ಕನಿಕರದಿಂದ ನೋಡುತ್ತಾರೆ.

ಶಟಲ್ ವಿಷಯದಲ್ಲೂ ಬಿಸಿಲು ಬಿಡಲ್ಲ. ವಾರದ ದಿನ ನಾವು ಆಡೋದು ಯೋನೆಕ್ಸ್ ಮಾವಿಸ್ 350, ಪ್ಲಾಸ್ಟಿಕ್‌ದು. ಅದರಲ್ಲಿ ಹಸಿರು, ನೀಲಿ, ಕೆಂಪು ಅಂತ ಮೂರು ಬರುತ್ತೆ. ಹಸಿರು ನಿಧಾನ, ಕೆಂಪು ಜೋರು, ನೀಲಿ ನಡುವೆ. ಬಿಸಿ ಗಾಳಿ ತೆಳ್ಳಗೆ, ಶಟಲ್ಲನ್ನು ಅಷ್ಟಾಗಿ ತಡೆಯಲ್ಲ, ಹಾಗಾಗಿ ನೀಲಿಯದು ಇಲ್ಲಿ ಗೆರೆ ದಾಟಿ ಗೋಡೆಗೆ ಹೋಗುತ್ತೆ. ಸೇಲ್ ಇದೆ ಅಂತ ನಾನು ಆನ್‌ಲೈನ್‌ನಲ್ಲಿ ಎರಡು ಡಬ್ಬಿ ನೀಲಿ ತರಿಸಿ ಎಲ್ಲರ ಕೈಲಿ ಬೈಸಿಕೊಂಡೆ. ಬಳ್ಳಾರಿಗೆ ಹಸಿರೇ ಸರಿ.

ಭಾನುವಾರ ಮಾತ್ರ ಗರಿಯದ್ದು. ಒಂದು ಶಟಲ್ಲಿಗೆ ಹದಿನಾರು ಗರಿ, ಈಗ ಒಂದಕ್ಕೆ ನೂರು ರೂಪಾಯಿ ದಾಟಿದೆ, ಇಲ್ಲಿಯ ಒಣ ಹವೆಗೆ ಗರಿ ಹಪ್ಪಳ ಆಗಿಬಿಡುತ್ತೆ. ಎರಡು ಸ್ಮ್ಯಾಶ್ ಬಿದ್ದರೆ ಪಟ್ ಅಂತ ಮುರಿಯುತ್ತೆ. ಅದಕ್ಕೆ ಒಂದು ಉಪಾಯ ಇದೆ, ಅದು ಈಗ ನನ್ನ ಮನೆ ಕೆಲಸ. ಶನಿವಾರ ರಾತ್ರಿ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಡಬ್ಬಿಯ ಎರಡೂ ಮುಚ್ಚಳ ತೆಗೆದು, ಗರಿ ಇರೋ ಕಡೆಯನ್ನು ಕೆಳಗೆ ಮಾಡಿ ಹಬೆಯ ಮೇಲೆ ಹತ್ತು ಹದಿನೈದು ಸೆಕೆಂಡ್ ಹಿಡಿಯೋದು. ಜಾಸ್ತಿ ಹಿಡಿದರೆ ಅಂಟು ಬಿಡುತ್ತೆ, ತೂಕ ಬರುತ್ತೆ. ಮುಚ್ಚಳ ಹಾಕಿ ರಾತ್ರಿ ಇಟ್ಟರೆ ಬೆಳಿಗ್ಗೆ ಗರಿ ಮೆತ್ತಗೆ, ಒಂದು ಗೇಮ್ ಬರುತ್ತಿದ್ದದ್ದು ಎರಡು ಬರುತ್ತೆ. ನಮ್ಮತ್ತೆ ಮೊದಲ ಸಲ ನೋಡಿದಾಗ ಒಂದು ಮಾತೂ ಆಡದೆ ಆ ಪಾತ್ರೆಯನ್ನು ಮೂರು ಸಲ ತೊಳೆದಿಟ್ಟರು. ಬಾತುಕೋಳಿ ಗರಿ ಅಂತ ನಾನು ಹೇಳಿಲ್ಲ, ನೀವೂ ಹೇಳಬೇಡಿ.

ಆಟದಲ್ಲಿ ಮೊದಲ ವಾರ ಬಹಳ ಕಿರಿಕಿರಿ. ನನ್ನ ಕಡೆ ಯಾರೂ ಹೊಡೆಯುತ್ತಿರಲಿಲ್ಲ. ಎತ್ತಿ ಎತ್ತಿ ಕೊಡೋರು, ಮಗುವಿಗೆ ತುತ್ತು ಕೊಟ್ಟ ಹಾಗೆ. 'ಮೇಡಮ್ಮೋರಿಗೆ ಜೋರ್ ಹೊಡೀಬ್ಯಾಡ್ರಿ' ಅಂತ ಒಬ್ಬರು ಜೋರಾಗೇ ಹೇಳಿದ್ದರು. ಹೊಡೀರಿ ಅಂತ ಬಾಯಿಬಿಟ್ಟು ಹೇಳಿದರೆ ಇನ್ನೂ ನಾಚಿಕೊಂಡರು. ಹತ್ತೋ ಹನ್ನೊಂದೋ ದಿನಕ್ಕೆ ಒಂದು ಗೇಮ್ 18-18 ಆಯಿತು, ಆಚೆ ಕಡೆಯ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಮೂರೂ ಪಾಯಿಂಟ್ ನನ್ನ ಎದೆಗೇ ಸ್ಮ್ಯಾಶ್. ಎರಡು ಎತ್ತಿದೆ, ಒಂದು ಆಗಲಿಲ್ಲ. ಸೋತೆವು. ಮನೆಗೆ ಹೋಗಿ ಭುಜದ ಕೆಳಗೆ ಬಿದ್ದ ಕೆಂಪು ಗುರುತನ್ನು ಕನ್ನಡಿಯಲ್ಲಿ ನೋಡಿಕೊಂಡು ನಕ್ಕೆ.

ಪಾಯಿಂಟ್ ಎಣಿಸೋದು ಇಂಗ್ಲಿಷಿನಲ್ಲಿ, ಬೈಯೋದು ಕನ್ನಡದಲ್ಲಿ, ಗೆರೆ ಜಗಳ ಬಂದರೆ ತೆಲುಗು. 'ಲೋಪಲೇ ಪಡಿಂದಿ ಸಾರ್!' ಅಂತ ಕೂಗಿದರೆ ಒಳಗೇ ಬಿತ್ತು ಅಂತ. ನನಗೆ ತೆಲುಗು ಬರುತ್ತಿರಲಿಲ್ಲ, ಈಗ ಔಟ್-ಇನ್ ಮಟ್ಟಿಗೆ ಬರುತ್ತೆ. ಮೇಷ್ಟ್ರದ್ದು ಇನ್ನೊಂದು ತಕರಾರು. 2006ರಲ್ಲಿ ಬಂದ 21 ಪಾಯಿಂಟಿನ ಪದ್ಧತಿಯನ್ನು ಅವರು ಇನ್ನೂ ಮನಸಾರೆ ಒಪ್ಪಿಲ್ಲ. ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟ್, 15ಕ್ಕೆ ಗೇಮ್, ಅದು ಆಟ ಅಂತಾರೆ. ನಾವು ಪಾಯಿಂಟ್ ಗೆದ್ದು ಕುಣಿಯುತ್ತಿದ್ದರೆ ಅವರು ಆರಾಮಾಗಿ 'ಸೆಕೆಂಡ್ ಹ್ಯಾಂಡ್' (ಹಳೇ ಪದ್ಧತಿಯಲ್ಲಿ ಜೊತೆಗಾರನ ಸರ್ವಿಸ್ ಹೋದರೆ ಇನ್ನೊಬ್ಬನಿಗೆ ಸಿಗುತ್ತಿದ್ದ ಸರ್ವಿಸ್) ಅಂತ ಹೇಳಿ ಮತ್ತೆ ಸರ್ವಿಸ್‌ಗೆ ನಿಲ್ಲುತ್ತಾರೆ.

ಡಿಸೆಂಬರ್ ಕೊನೆಗೆ ಸ್ವಾಮಿಗಳು ಶಬರಿಮಲೆಗೆ ಹೋಗಿಬಂದು ಮಾಲೆ ತೆಗೆದರು. ಅರವಣ ಪಾಯಸದ ಡಬ್ಬಿ ತಂದು ಎಲ್ಲರಿಗೂ ಕೊಟ್ಟರು, ನನಗೂ ಕೊಟ್ಟರು. ಚಮಚದಲ್ಲಿ ತಿನ್ನುತ್ತಾ ನಾಳೆಯಿಂದ ಬರೋ ಹಾಗಿಲ್ಲ ಅಂದುಕೊಂಡೆ. ಮೇಷ್ಟ್ರು ಶಟಲ್ ಲೆಕ್ಕದ ನೋಟ್‌ಬುಕ್ ತೆಗೆದರು. ಉದ್ದ ನೋಟ್‌ಬುಕ್, ದಿನಾ ಬಂದವರ ಹೆಸರಿಗೆ ಪೆನ್ಸಿಲಿನಲ್ಲಿ ಒಂದು ಗೀಟು ಹಾಕುತ್ತಾರೆ, ತಿಂಗಳ ಕೊನೆಗೆ ಅದರ ಮೇಲೆ ದುಡ್ಡು ಹಂಚೋದು. ನನ್ನ ಹೆಸರಿನ ಮುಂದೆ ಬೆರಳಿಟ್ಟು ಎಣಿಸಿದರು. ಆ ದಿನಗಳಲ್ಲಿ ಮುಹೂರ್ತ ಬಿಟ್ಟು ಆಟ ನಡೆದದ್ದು 33 ದಿನ. ನನ್ನದು 32 ಗೀಟು. ಪುಸ್ತಕವನ್ನು ಇನ್ನೊಬ್ಬರ ಕಡೆ ತಿರುಗಿಸಿ ತೋರಿಸಿದರು. ಆ ಇನ್ನೊಬ್ಬರು ನಮ್ಮಲ್ಲೇ ಒಳ್ಳೇ ಸ್ಮ್ಯಾಶರ್, ವಾರಕ್ಕೆ ಎರಡು ದಿನ ಬರುತ್ತಾರೆ. ಅವರು ತಲೆ ತಗ್ಗಿಸಿ ಶೂ ಲೇಸ್ ಕಟ್ಟಿಕೊಳ್ಳೋಕೆ ಶುರು ಮಾಡಿದರು. ಮೇಷ್ಟ್ರು ಜನವರಿ ಅಂತ ಹೊಸ ಪುಟ ಬರೆದು ಎಂಟನೇ ಸಾಲಿನಲ್ಲಿ ನನ್ನ ಹೆಸರು ಹಾಕಿದರು. ಎಂಟಾದರೆ ಕೆಡುತ್ತೆ ಅಂದಿದ್ದು ನೆನಪಿಸಲು ನಾನು ಹೋಗಲಿಲ್ಲ.

ಈಗ ವಾಟ್ಸಾಪಿನಲ್ಲಿ ಒಂದು ಪದ್ಧತಿ ಇದೆ. ರಾತ್ರಿ ಒಂಬತ್ತರೊಳಗೆ ಬರುವವರು ಹೆಬ್ಬೆಟ್ಟು ಒತ್ತಬೇಕು, ಮೊದಲ ಆರು ಹೆಬ್ಬೆಟ್ಟಿಗೆ ಆಟ. ಒತ್ತಿ ಬರದೇ ಇದ್ದವರು ಭಾನುವಾರ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ-ಮಿರ್ಚಿ ಕೊಡಿಸಬೇಕು. ಒಂದೂವರೆ ಗಂಟೆ ಬೆವರಿಳಿಸಿ ಎರಡು ಮಿರ್ಚಿ ತಿಂದು ಮನೆಗೆ ಹೋದರೆ ತೂಕ ಇಳಿಯೋದು ಎಲ್ಲಿಂದ ಬಂತು, ಅದು ಬೇರೆ ಮಾತು.

ಇದನ್ನೆಲ್ಲ ಬರೆಯೋಕೆ ಕಾರಣ ಇದೆ. ಫೆಬ್ರವರಿಯಲ್ಲಿ ಭಾಯ್ ಅಂಗಡಿಗೆ ಒಬ್ಬರು ನರ್ಸ್ ಬಂದಿದ್ದರಂತೆ, 22 ಪೌಂಡ್, ಜೊತೆಗೆ ಯಾರೂ ಇಲ್ಲ ಅಂದರಂತೆ. ಭಾಯ್ ನನ್ನ ನಂಬರ್ ಕೊಟ್ಟರು. ಅವರಿಗೆ ನೈಟ್ ಡ್ಯೂಟಿ ಇರುತ್ತೆ, ಬೆಳಿಗ್ಗೆ ಆಗಲ್ಲ. ಸಂಜೆ ಆರರಿಂದ ಏಳು ಮಂಟಪ ಖಾಲಿ ಇರುವ ದಿನ ತಾತ ಬಾಗಿಲು ತೆಗೆಯುತ್ತಾರೆ, ಮಾತಾಡಿ ಆಗಿದೆ. ಈಗ ನಾವಿಬ್ಬರೇ ಸಿಂಗಲ್ಸ್ ಆಡಿ ಆಡಿ ಮೊಣಕಾಲು ಹಿಡಿದುಕೊಂಡು ಕೂರುತ್ತಿದ್ದೇವೆ. ಇನ್ನಿಬ್ಬರು ಹೆಂಗಸರು ಬೇಕು. ಸರ್ವಿಸ್ ನೆಟ್ ದಾಟಿಸಿದರೆ ಸಾಕು, ಉಳಿದದ್ದು ಆಡ್ತಾ ಬರುತ್ತೆ. ಶೂ ಮಾತ್ರ ಗಮ್ (ರಬ್ಬರ್) ಸೋಲ್‌ದು ಇರಲಿ, ಕಲ್ಲಿನ ನೆಲ. ಬಳ್ಳಾರಿಯಲ್ಲಿ ಇದ್ದು ಆಸೆ ಇದ್ದವರು ಕೌಲ್ ಬಜಾರಿನ ಗಟ್ಟಿಂಗ್ ಅಂಗಡಿಯಲ್ಲಿ ಹೇಳಿ ಹೋಗಿ, ನನಗೆ ಮುಟ್ಟುತ್ತೆ. ಬ್ಯಾಟ್ ತೆಗೆದುಕೊಂಡೇ ಹೋಗಿ, ಭಾಯ್ ನೋಡ್ತಾರೆ.